ಒಂಬತ್ತು ಅಡಿ

ಅಪ್ಪ ಇವತ್ತೂ ಗುದ್ದಲಿ, ಬುಟ್ಟಿ ಹಿಡಿದು ಹೊಳೆಯ ಕಡೆ ಹೊರಟ. ಮಗಳು ಕಿಟಕಿಯಿಂದ ನೋಡಿದಳು, ಕರೆಯಲಿಲ್ಲ. ನಲವತ್ತು ದಿನಗಳಿಂದ ಅವಳು ಅವನ ಜೊತೆ ಮಾತಾಡಿರಲಿಲ್ಲ. ಊಟ ಬಡಿಸುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು. ಅಷ್ಟೇ.

ಹೊಳೆ ದಂಡೆಯ ಅಳತೆ ಕಂಬದ ಬುಡಕ್ಕೆ ಮಣ್ಣು ಏರಿಸುವುದೇ ಅವನ ಈಗಿನ ಕೆಲಸ. ಹಾಕಿದ್ದನ್ನು ಮಳೆ ತೊಳೆಯುತ್ತದೆ. ಅಪ್ಪ ಮತ್ತೆ ಹಾಕಿ ಅಂಗೈಯಿಂದ ತಟ್ಟುತ್ತಾನೆ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಎಂದು ಹಾಲಿನವನು ಅವಳಿಗೆ ಕೇಳಿಸಲಿ ಎಂದೇ ಹೇಳಿದ್ದ. ಅವಳಿಗೆ ಸಿಟ್ಟೂ ಬರಲಿಲ್ಲ.

ಇಪ್ಪತ್ತಾರು ಮಳೆಗಾಲ ಅಪ್ಪ ಆ ಕಂಬ ನೋಡಿ, ಹೊಳೆ ಎಷ್ಟು ಅಡಿ ಏರಿದೆಯೆಂದು ಪುಸ್ತಕದಲ್ಲಿ ಬರೆದಿದ್ದ. ಹತ್ತು ಅಡಿ ಮುಟ್ಟಿದರೆ ಸೈರನ್ ಒತ್ತಬೇಕು. ತಗ್ಗಿನ ಹೊಲದಲ್ಲಿರುವವರು ಮೇಲಕ್ಕೆ ಬರಬೇಕು. ಆ ಬೆಳಿಗ್ಗೆ ತಗ್ಗಿನಲ್ಲಿ ಕಟ್ಟಿದ್ದ ಎಮ್ಮೆ ಬಿಚ್ಚಿ ತರಲು ಹೊರಟ ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದಳು: "ಎಷ್ಟಿದೆ?"

"ಒಂಬತ್ತು. ಹೋಗಿ ಬಾ."

ಅಮ್ಮ ಬರಲಿಲ್ಲ. ಎಮ್ಮೆ ಮಾತ್ರ ಈಜಿಕೊಂಡು ಬಂತು.

ಹೊಳೆಯದ್ದು ಮೊದಲಿನಿಂದಲೂ ಕೊಟ್ಟು ಕಿತ್ತುಕೊಳ್ಳುವ ಬುದ್ಧಿ. ಗುಡ್ಡದ ಮರ ಕಡಿದು ಉತ್ತ ಮೇಲೆ ಅಲ್ಲಿನ ಮಣ್ಣೆಲ್ಲ ನೀರಿಗಿಳಿಯಿತು. ಮೂರು ವರ್ಷದ ಹಿಂದಿನ ನೆರೆ ಇಳಿದಾಗ ದಂಡೆಯುದ್ದಕ್ಕೂ ಮೊಣಕಾಲು ಮೀರಿ ಹೂಳು ಉಳಿದಿತ್ತು. ಪುಕ್ಕಟೆ ಗೊಬ್ಬರವೆಂದು ಜನ ಅದರಲ್ಲಿ ಸೌತೆ ಬೆಳೆದು ತಿಂದರು. ಆಮೇಲೆ ಹೊಳೆ ಕಂಬದವರೆಗೆ ಏರಿದ್ದು ಈ ವರ್ಷವೇ. ಬಂದದ್ದು, ಕೊಟ್ಟ ಮಣ್ಣನ್ನೂ ಕೆರೆದುಕೊಂಡು ಹೋಯಿತು.

ಅಂದಿನಿಂದ ಅವಳು ಹೊಳೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕಸುಬು. ಕೈ ತಾನಾಗಿ ಅಕ್ಷರ ಬರೆಯುತ್ತಿತ್ತು. ಏನು ಬರೆದೆನೆಂದು ಕೇಳಿದರೆ ಅವಳಿಗೇ ನೆನಪಿರುತ್ತಿರಲಿಲ್ಲ. ನೆನಪಾಗುತ್ತಿದ್ದದ್ದು ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಮಾತ್ರ. ಅಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಪಟ್ಟಿ ಕಟ್ಟಿಕೊಂಡು ಮಲಗಿದ್ದ. ಕಂಬದ ಅಂಕಿಗಳು ಬಿಸಿಲಿಗೆ ಪೂರ್ತಿ ಅಳಿಸಿಹೋಗಿದ್ದವು. ನೀರಾವರಿ ಇಲಾಖೆಯಿಂದ ಒಂದು ಡಬ್ಬಿ ನೀಲಿ ಬಣ್ಣ ಬಂದಿತ್ತು. ನೆಲಮಟ್ಟದಲ್ಲಿ ಸೊನ್ನೆ ಹಾಕಿ, ಟೇಪು ಹಿಡಿದು, ಅಡಿಗೊಂದು ಅಂಕಿಯಂತೆ ಅವಳೇ ಬರೆದಳು. ಅಮ್ಮ ಡಬ್ಬಿ ಹಿಡಿದು ನಿಂತಿದ್ದಳು.

"ಎಂಟು ಸ್ವಲ್ಪ ದಪ್ಪ ಆಯ್ತು ಕಣೇ, ನನ್ನ ಹಾಗೆ," ಎಂದು ನಕ್ಕಿದ್ದಳು. ಹನ್ನೆರಡರ ಅಂಕಿಗೆ ಕಂಬ ಮುಗಿದಿತ್ತು.

ಇವತ್ತು ಮಧ್ಯಾಹ್ನ ಇಲಾಖೆಯ ಇಂಜಿನಿಯರ್ ವಿಚಾರಣೆಗೆ ಬಂದ. ಕುರ್ಚಿಯ ಅಂಚಿನಲ್ಲಿ ಕೂತು ಫೈಲು ಬಿಚ್ಚಿದ. ಅಪ್ಪ ಕೈಗೆ ಹತ್ತಿದ ಮಣ್ಣನ್ನೂ ತೊಳೆಯದೆ ಎದುರು ನಿಂತ.

"ಕೆಳಗಿನ ಸೇತುವೆ ಲೆಕ್ಕ ನೋಡಿದ್ರೆ ಆ ಹೊತ್ತಿಗೆ ಇಲ್ಲಿ ಹನ್ನೊಂದು ಇರಬೇಕು. ನೀವು ಒಂಬತ್ತು ಅಂತ ಬರೆದಿದ್ದೀರಿ. ಕಂಬ ನೋಡೇ ಬರೆದ್ರಾ?"

"ಇಲ್ಲ ಸಾರ್. ನಿದ್ದೆ ಬಂದಿತ್ತು. ಮನೇಲೇ ಮಲಗಿ ಅಂದಾಜಿಗೆ ಬರೆದೆ. ತಪ್ಪು ನಂದೇ."

ಇಂಜಿನಿಯರ್ ಹಾಳೆ ತಿರುಗಿಸಿದ. "ಇದೇನ್ರೀ, ಫೈಲಲ್ಲಿ ಹದಿನಾಲ್ಕು ಅಡಿ ಕಂಬ ಅಂತಿದೆ? ಅಲ್ಲಿರೋದು ಹನ್ನೆರಡು."

"ಮೇಲುಗಡೆ ಮುರೀತು ಸಾರ್. ಯಾವ ಕಾಲದ್ದೋ ಫೈಲು."

ಮುರಿದದ್ದನ್ನು ಮಗಳು ಕಂಡಿರಲಿಲ್ಲ. ಆ ಬೆಳಿಗ್ಗೆ ಬಾಗಿಲ ಬಳಿ ಅವನ ಚಪ್ಪಲಿ ಒದ್ದೆಯಾಗಿದ್ದದ್ದನ್ನು ಮಾತ್ರ ಕಂಡಿದ್ದಳು. ಮಲಗಿದ್ದವನ ಚಪ್ಪಲಿ ಒದ್ದೆಯಾಗುವುದಿಲ್ಲ. ಅಂದರೆ ಹೋಗಿದ್ದಾನೆ, ನೋಡಿದ್ದಾನೆ, ನೋಡಿಯೂ ಅಮ್ಮನನ್ನು ತಗ್ಗಿಗೆ ಕಳಿಸಿದ್ದಾನೆ. ಯಾಕೆಂದು ಯೋಚಿಸುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ನಿಮ್ಮಪ್ಪ ಮಲಗಿದ್ದು ನಿಜವೇನಮ್ಮಾ? ನಿಜ ಆದ್ರೆ ಕೆಲಸ ಹೋಗುತ್ತೆ. ಕೇಸೂ ಆಗಬಹುದು."

ಅಪ್ಪ ಅವಳನ್ನೇ ನೋಡುತ್ತಿದ್ದ. ಹೂಂ ಅನ್ನು ಎಂದು ಬೇಡುವಂತಿತ್ತು ಆ ನೋಟ. ಅವಳು ಪೆನ್ನು ತೆಗೆದುಕೊಂಡು ತೋರಿಸಿದ ಕಡೆ ಸಹಿ ಹಾಕಿದಳು. ಯಾವ ಸುಳ್ಳಾದರೇನು, ಶಿಕ್ಷೆ ಆದರೆ ಸಾಕು ಎನಿಸಿತ್ತು.

ಅಪ್ಪ ಉಸಿರು ಬಿಟ್ಟ. ಸೊಂಟದಿಂದ ಸೈರನ್ ಕೋಣೆಯ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟ.

"ಹೊಸಬರು ಬರೋವರೆಗೂ ಬೆಳಿಗ್ಗೆ ಬೆಳಿಗ್ಗೆ ನೀವೇ ಅಳತೆ ನೋಡಿ ಬರೀತೀರಾಮ್ಮಾ?" ಎಂದ ಇಂಜಿನಿಯರ್.

ಅಪ್ಪನ ಮುಖ ಬಿಳಿಚಿಕೊಂಡಿತು. "ಅವಳು ಬೇಡ ಸಾರ್! ಬೇರೆ ಯಾರಾದ್ರೂ ನೋಡ್ಲಿ. ಅವಳು ಮಾತ್ರ ಬೇಡ."

"ನೋಡ್ತೀನಿ," ಎಂದಳು ಮಗಳು. ನಲವತ್ತು ದಿನಗಳಲ್ಲಿ ಅಪ್ಪನ ಎದುರು ಅವಳಾಡಿದ ಮೊದಲ ಮಾತು ಅದು.

ಇಂಜಿನಿಯರ್ ಜೊತೆ ಕಚೇರಿಗೆ ಹೊರಟು ಜೀಪು ಹತ್ತುವ ಮುಂಚೆ ಅಪ್ಪ ತಿರುಗಿ ಬಂದ. "ದೂರದಿಂದ್ಲೇ ನೋಡು ಮಗಾ. ಹತ್ರ ಹೋಗಬೇಡ. ಬುಡ ಕುಸಿಯುತ್ತೆ." ಜೀಪು ಹೊರಟ ಸ್ವಲ್ಪ ಹೊತ್ತಿಗೆ ಮಳೆ ಶುರುವಾಯಿತು.

ಬೆಳಿಗ್ಗೆ ಮಳೆ ನಿಂತಿತ್ತು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅವಳು ದಂಡೆಗೆ ಇಳಿದಳು. ಹೊಳೆ ದೂರದಲ್ಲಿ ಏನೂ ಅರಿಯದಂತೆ ಹರಿಯುತ್ತಿತ್ತು. ಅಪ್ಪನ ಬುಟ್ಟಿ ಕಂಬದ ಪಕ್ಕ ಮಗುಚಿ ಬಿದ್ದಿತ್ತು. ಅವನು ಏರಿಸಿದ್ದ ಮಣ್ಣೆಲ್ಲ ಜಾರಿಹೋಗಿ ಬುಡ ಬರಿದಾಗಿತ್ತು. ಕಂಬದ ತುದಿ ಎಲ್ಲೂ ಮುರಿದಿರಲಿಲ್ಲ. ಅವಳು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು.

ಅವಳು ಬರೆದ ನೀಲಿ ಸೊನ್ನೆಯಿಂದ ಸರಿಯಾಗಿ ಎರಡು ಅಡಿ ಕೆಳಗೆ, ನಲವತ್ತು ದಿನ ಅಪ್ಪ ಮಣ್ಣು ತಟ್ಟಿದ್ದ ಜಾಗದಲ್ಲಿ, ಹಳೆಯ ಬಿಳಿ ಬಣ್ಣದ ಇನ್ನೊಂದು ಸೊನ್ನೆ ಇತ್ತು.