ಆಯುಧಪೂಜೆಗೆ ಆಫ್ ಆದ ಸರ್ವರ್

ಯಾವ ಗುಂಪಿನ ರಕ್ತ ಎಲ್ಲಿದೆ ಎಂಬ ನಮ್ಮ ರಕ್ತನಿಧಿಯ ಮಾಹಿತಿಯೆಲ್ಲ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಮೂರು ಸರ್ವರ್‌ಗಳಲ್ಲಿದೆ. ಒಂದು ನಿಂತರೆ ಇನ್ನೊಂದು ತಾನಾಗಿಯೇ ಕೆಲಸ ಎತ್ತಿಕೊಳ್ಳುವಂತೆ ಜೋಡಿಸಿದವಳು ನಾನು.

ಆಯುಧಪೂಜೆಯ ದಿನ, ಒಂದು ಪ್ರಿಂಟ್ ತೆಗೆಯಲೂ ನನ್ನನ್ನೇ ಕರೆಯುವ ನಮ್ಮ ನಿರ್ದೇಶಕರು ಕುಂಕುಮದ ಬಟ್ಟಲು ಹಿಡಿದು ಮೈಸೂರಿನ ಸರ್ವರ್ ಕೋಣೆಗೆ ಬಂದರು.

"ಇದನ್ನ ಆಫ್ ಮಾಡಮ್ಮ. ಓಡ್ತಿರೋ ಯಂತ್ರಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ?"

"ಬೇಡ ಸಾರ್, ಆಸ್ಪತ್ರೆಗಳಿಂದ ಫೋನ್ ಬರ್ತಾನೇ ಇರುತ್ತೆ."

"ಇದು ಮಲಗಿದ್ರೆ ಹುಬ್ಬಳ್ಳೀದು ಏಳುತ್ತೆ. ಅದೂ ಮಲಗಿದ್ರೆ ಮಂಗಳೂರಿಂದು. ಇಷ್ಟೂ ಗೊತ್ತಿಲ್ದೆ ನೀನೆಂಥ ಇಂಜಿನಿಯರಮ್ಮ?"

ಸ್ವಿಚ್ಚನ್ನು ಅವರೇ ಒತ್ತಿದರು. ಗಂಟೆ ಬಾರಿಸುತ್ತಿದ್ದಾಗಲೇ ಫೋನ್ ಬಂತು. ಹೆರಿಗೆಗೆ ಬಂದವಳೊಬ್ಬಳಿಗೆ ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕಿತ್ತು. ನನ್ನ ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

ನಿರ್ದೇಶಕರು ಹುಬ್ಬಳ್ಳಿಗೆ ಫೋನ್ ಹಚ್ಚಿ ಕಿರುಚಿದರು. "ನಿಮ್ಮ ಸರ್ವರ್ ಯಾಕ್ರೀ ಏಳ್ಲಿಲ್ಲ? ದಂಡಪಿಂಡಗಳಾ!"

ಆ ಕಡೆಯಿಂದಲೂ ಗಂಟೆಯ ಸದ್ದು ಕೇಳುತ್ತಿತ್ತು.

"ಆಫ್ ಮಾಡೇವ್ರಿ ಸರ. ಸರಿಯಾಗಿ ಹತ್ತಕ್ಕ ಮೂರೂ ಊರಾಗ ಒಮ್ಮೆಗೇ ಮಂಗಳಾರತಿ ಆಗಬೇಕಂತ ನೀವ ಆರ್ಡರ್ ಕಳಿಸಿದ್ರಲ್ರಿ?"