ಮುಂಬಾಗಿಲಿನಿಂದ ಬಂದ ಗಿರಾಕಿ

ಊಟದಂಗಡಿಯನ್ನು ಶಾಶ್ವತವಾಗಿ ಮುಚ್ಚುವ ನೋಟೀಸನ್ನು ಬಾಗಿಲಿಗೆ ಅಂಟಿಸೋಣವೆಂದು ಫುಸಾಯೆ ಹೊರಗೆ ಬಂದರೆ, ಅಂಟಿಸುವುದಕ್ಕೂ ಜಾಗವಿರಲಿಲ್ಲ. ಪಕ್ಕದ ತಾತ್ಸುಮಿಯ ಹೋಟೆಲಿನ ಸಾಲು ಅವಳ ಬಾಗಿಲನ್ನು ದಾಟಿ ಮೂಲೆಯ ಔಷಧಿ ಅಂಗಡಿಯವರೆಗೆ ಬೆಳೆದಿತ್ತು. ಜಪಾನಿನ ಈ ಮತ್ಸುಯಾಮಾ ಊರಿಗೆ ಬಂದವರೆಲ್ಲ ಬಿಸಿನೀರಿನ ಬುಗ್ಗೆಯಲ್ಲಿ ಮಿಂದು, ನೇರವಾಗಿ ತಾತ್ಸುಮಿಯ ಮೀನನ್ನಕ್ಕೆ ಬಂದು ನಿಲ್ಲುತ್ತಾರೆ. ನಿಂತವರ ಬೆನ್ನೆಲ್ಲ ಫುಸಾಯೆಯ ಅಂಗಡಿಯ ಕಡೆಗೆ.

ಸ್ವಲ್ಪ ಸರಿಯಿರಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಪಾಪ, ಅವರಿಗೆ ತೊಂದರೆಯಾದೀತಲ್ಲ! ತನ್ನ ಅಂಗಡಿ ತಾನು ಮುಚ್ಚುವುದಕ್ಕೂ ಪರರ ಅನುಕೂಲ ನೋಡುವ ಹೆಂಗಸು ಅವಳು. ಮೂವತ್ತೊಂದು ವರ್ಷ ಅದೇ ಒಲೆಯ ಮುಂದೆ ನಿಂತಿದ್ದಾಳೆ. ಈ ತಿಂಗಳು ಗಿರಾಕಿಗಳೇ ಇಲ್ಲ.

ಸಾಲಿನಲ್ಲಿದ್ದ ಹಳದಿ ಟೋಪಿಯ ಹೆಂಗಸೊಬ್ಬಳು ತಿರುಗಿದಳು. ಒಸಾಕಾದವಳೆಂದು ಬಾಯಿ ತೆರೆದ ಕೂಡಲೇ ತಿಳಿಯಿತು. ಆ ಊರಿನವರಿಗೆ ಕೇಳಲು ಸಂಕೋಚವೆಂಬುದಿಲ್ಲ.

"ಅಕ್ಕ, ಒಂದು ಗಂಟೆಯಿಂದ ನಿಂತಿದೀನಿ, ಹೊಟ್ಟೆ ಚುರುಗುಟ್ತಾ ಇದೆ. ನಿಮ್ಮಲ್ಲಿ ಊಟ ಹೇಗಿರತ್ತೆ?"

"ಅಯ್ಯೋ, ನಮ್ಮದೇನು ಬಿಡಿ. ಸುಟ್ಟ ಮೀನು, ಸಾರು, ಅನ್ನ. ಬಾಯಿಗೆ ಹಿಡಿಸೋ ಅಂಥದ್ದೇನಿಲ್ಲ. ಇಲ್ಲೇ ನಿಂತಿರಿ, ತಾತ್ಸುಮಿಯವರದು ನಿಜವಾಗ್ಲೂ ಚೆನ್ನಾಗಿರತ್ತೆ."

ಹೆಂಗಸು ತಲೆಯಾಡಿಸಿ ಮತ್ತೆ ಬೆನ್ನು ತಿರುಗಿಸಿದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡ ಫುಸಾಯೆ, ಮನೆತನದ ಮರ್ಯಾದೆ ಕಾಪಾಡಿದವಳಂತೆ ಒಳಗೆ ಹೋದಳು. ಅವಳ ಅಮ್ಮನೂ ಹೀಗೇ ಹೇಳುತ್ತಿದ್ದಳು, ಅಜ್ಜಿಯೂ ಹೀಗೇ.

ಎರಡು ಗಂಟೆಗೆ ಹಿತ್ತಿಲ ಬಾಗಿಲು ಸರಿಯಿತು. ತಾತ್ಸುಮಿ ಬಂದ. ಎರಡನೇ ಸರದಿಯ ಅನ್ನ ಬೇಯುವ ಅರ್ಧ ಗಂಟೆಯಲ್ಲಿ ಅವನು ದಿನವೂ ಕದ್ದು ಬಂದು ಅವಳ ಅಡುಗೆಮನೆಯ ಮೂಲೆಯಲ್ಲಿ ಕೂತು ಉಂಡು ಹೋಗುತ್ತಾನೆ. ಹೀಗೇ ಒಂಬತ್ತು ವರ್ಷ. ಊರಿಗೆಲ್ಲ ಉಣಿಸುವವನು ತನ್ನ ಅಡುಗೆ ಬಿಟ್ಟು ಪಕ್ಕದ ಮನೆಯಲ್ಲಿ ಉಣ್ಣುತ್ತಾನೆಂದು ಜನ ಆಡಿಕೊಂಡಾರೆಂಬ ಭಯ ಅವನಿಗೆ. ಕೂರುವ ಮೊದಲೇ ಮೇಜಿನ ಮೇಲಿನ ನೋಟೀಸು ಕಣ್ಣಿಗೆ ಬಿತ್ತು. ಒಮ್ಮೆ ಓದಿದ. ಇನ್ನೊಮ್ಮೆ ಓದಿದ.

ಯಾರೂ ಒಳಗೆ ಬರುವುದಿಲ್ಲವೇ ಎಂದು ಕೇಳಿದ. ಕೇಳುತ್ತಾರೆ, ಇವತ್ತೂ ಒಬ್ಬರು ಕೇಳಿದರು, ನಿಮ್ಮಲ್ಲೇ ಚೆನ್ನಾಗಿದೆ ಅಂತ ಹೇಳಿ ನಿಮ್ಮ ಸಾಲಿನಲ್ಲೇ ನಿಲ್ಲಿಸಿದೆ ಎಂದಳು ಫುಸಾಯೆ. ಉಪಕಾರ ಮಾಡಿದ ಖುಷಿ ಅವಳ ದನಿಯಲ್ಲಿತ್ತು. ತಾತ್ಸುಮಿಯ ಮುಖ ಕೆಂಪಗಾಯಿತು. ಬಡಿಸಿಟ್ಟ ಸಾರನ್ನು ಮುಟ್ಟದೆ, ಬಂದ ಬಾಗಿಲಿನಿಂದಲೇ ಹೊರಟುಹೋದ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಹೀಗೆ ಎದ್ದು ಹೋದವನಲ್ಲ. ಏನು ತಪ್ಪಾಯಿತೋ ತಿಳಿಯದೆ ಫುಸಾಯೆಯ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮುಂಬಾಗಿಲು ಸದ್ದಾಯಿತು. ಬಿಳಿ ಟೋಪಿ, ಎದೆಯ ಮೇಲೆ ತನ್ನ ಹೋಟೆಲಿನ ಹೆಸರು ಬರೆದ ಏಪ್ರನ್ನು. ತಾತ್ಸುಮಿ ತನ್ನದೇ ಸಾಲಿನವರಿಗೆ ಬಗ್ಗಿ ಬಗ್ಗಿ ವಂದಿಸುತ್ತ, ದಾರಿ ಬಿಡಿಸಿಕೊಂಡು ಒಳಗೆ ಬಂದ. ಕಿಟಕಿಯ ಗಾಜಿಗೆ ಒತ್ತಿಕೊಂಡಿದ್ದ ಮೇಜಿಗೇ ಕೂತ. ದಿನಾ ಕೊಡುವುದನ್ನೇ ಕೊಡಿ, ಅನ್ನ ಸ್ವಲ್ಪ ಜಾಸ್ತಿ ಹಾಕಿ ಎಂದ. ಆಮೇಲೆ ಬಟ್ಟಲೆತ್ತಿ ಸಾರನ್ನು ಬೀದಿಗೆಲ್ಲ ಕೇಳುವಂತೆ ಸೊರ್ರನೆ ಹೀರಿದ. ಹೊರಗೆ ಒಂದೊಂದೇ ಬೆನ್ನು ತಿರುಗಿ ಮುಖವಾಯಿತು.

ಹಳದಿ ಟೋಪಿಯ ಹೆಂಗಸು ಬಾಗಿಲಲ್ಲಿ ತಲೆ ಹಾಕಿದಳು. ಏನ್ರೀ ಇದು, ನಾವು ಯಾರ ಕೈಯಡುಗೆಗೆ ಕಾಯ್ತಾ ಇದೀವೋ ಆ ಮಹಾರಾಯ ಇಲ್ಲಿ ಕೂತು ಉಣ್ತಾ ಇದಾನಲ್ಲ ಎಂದು ಬೀದಿಗೆಲ್ಲ ಸಾರಿ, ಫುಸಾಯೆಯನ್ನು ಮತ್ತೆ ಕೇಳಿದಳು:

"ಈಗ ನಿಜ ಹೇಳಿ ಅಕ್ಕ. ನಿಮ್ಮ ಊಟ ಹೇಗಿರತ್ತೆ?"

"ಅಯ್ಯೋ, ನಮ್ಮದೇನು..." ಎಂದು ಶುರುಮಾಡಿದಳು ಫುಸಾಯೆ.

ತಾತ್ಸುಮಿ ಊಟದ ಕಡ್ಡಿಗಳನ್ನು ಕೆಳಗಿಟ್ಟ. "ಒಂಬತ್ತು ವರ್ಷದಿಂದ ಉಣ್ತಾ ಇರೋನು ನಾನು, ಅಕ್ಕ. ಚೆನ್ನಾಗಿಲ್ಲ ಅಂತ ನೀವಂದ್ರೆ, ಅದು ನನ್ನ ನಾಲಿಗೆಗೆ ಬೈದ ಹಾಗೆ."

ಫುಸಾಯೆ ಪೇಚಿಗೆ ಸಿಕ್ಕಿಕೊಂಡಳು. ತನ್ನನ್ನು ಹೊಗಳಿಕೊಳ್ಳುವ ಹಾಗಿಲ್ಲ. ಎದುರಿಗೆ ಕೂತು ಉಣ್ಣುವವನನ್ನು ಅವಮಾನಿಸುವುದಂತೂ ಆಗದ ಮಾತು. ಸೆರಗಿಲ್ಲದ ಹೆಂಗಸು, ಒರೆಸುವ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡಳು. ಕಿವಿಯ ತುದಿಯವರೆಗೆ ಕೆಂಪಾಗಿ, ಕಳ್ಳತನ ಒಪ್ಪಿಕೊಳ್ಳುವವಳ ದನಿಯಲ್ಲಿ ಅಂದಳು:

"ಚೆನ್ನಾಗಿರತ್ತೆ. ಬನ್ನಿ."