ನಡುವೆ ತೆರೆಯುವ ಮುಚ್ಚಳ

ತೊಟ್ಟವರ ದನಿ ಬಟ್ಟೆಯಲ್ಲಿ ಉಳಿಯುತ್ತದೆ, ಒಗೆದರೆ ಹೋಗುತ್ತದೆ. ಶೋರೂಮಿನವನು ಮೆಷಿನ್ನನ್ನು ಹೊಗಳಿದ್ದೂ ಅದಕ್ಕೇ. "ಮೋಟಾರಿಗೆ ಹತ್ತು ವರ್ಷ ಗ್ಯಾರಂಟಿ ಸರ್. ಕಾಲರಿನಲ್ಲಿ ಕೊಳೆ ಇರಲ್ಲ, ಒಂದು ಪಿಸುಮಾತೂ ಉಳಿಯಲ್ಲ. ಮನೇಲಿ ಎಷ್ಟು ಜನ?"

"ಇಬ್ಬರು," ಎಂದೆ.

ನನ್ನ ಹೆಂಡತಿ ನೀಲಾಂಬಿಕೆ ಕೇಳಿದ್ದು ಒಂದೇ ಪ್ರಶ್ನೆ. "ಒಗೀತಿರುವಾಗ ನಡುವೆ ಮುಚ್ಚಳ ತೆಗೆಯೋಕಾಗುತ್ತಾ?"

"ಟಾಪ್ ಲೋಡ್ ಅಲ್ವಾ ಮೇಡಂ, ನಿಲ್ಲಿಸಿ ಯಾವಾಗ ಬೇಕಾದ್ರೂ ತೆಗೀಬಹುದು."

ನಾನು ಬೇರೆ ಕಡೆ ನೋಡಿದೆ. ನಮ್ಮ ಹಳೇ ಮೆಷಿನ್ನಿಗೆ ಮುಂದುಗಡೆ ಗಾಜಿನ ಬಾಗಿಲು. ನೀರು ತುಂಬಿದರೆ ಮುಗಿಯಿತು, ತೆರೆಯುವುದಿಲ್ಲ. ತೀರಿಹೋದ ಮಗಳ ಹಳದಿ ಫ್ರಾಕನ್ನು ನೋಡದೆ ಚಾದರದ ಜೊತೆ ಅದಕ್ಕೆ ತುರುಕಿದವನು ನಾನೇ. ಫ್ರಾಕು "ಅಮ್ಮಾ, ಅಮ್ಮಾ" ಎನ್ನುತ್ತಾ ಒಳಗೆ ಸುತ್ತುತ್ತಿತ್ತು. ಇವಳು ನಲವತ್ತು ನಿಮಿಷ ಗಾಜು ಬಡಿದಳು. ಹೊರಗೆ ಬಂದಾಗ ಅದರಲ್ಲಿ ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ.

"ಇನ್ನು ಉಳಿಸಿಕೊಳ್ಳೋಕೆ ಯಾರ ಬಟ್ಟೆ ಇದೆ ನೀಲಾ?" ಎಂದು ಮೆಲ್ಲಗೆ ಕೇಳಿದೆ.

ಅವಳು ಮುಚ್ಚಳವನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ನಿಮ್ಮವು," ಎಂದಳು. "ಡಾಕ್ಟರನ್ನ 'ನನಗೆ ಇನ್ನೆಷ್ಟು ತಿಂಗಳು' ಅಂತ ಕೇಳಿದ್ರಲ್ಲ, ಅವತ್ತು ಹಾಕಿದ್ದ ನೀಲಿ ಷರ್ಟನ್ನ ಒಗೆಯದೆ ಎತ್ತಿಟ್ಟಿದ್ದೀನಿ."